ಜರ್ಮನಿಯ ಖರೀದಿದಾರ, ಅಸ್ಸಾಮಿನ ಕೆಲಸಗಾರ: ನಡುವೆ ಕುಳಿತವರು ಕಲಿಯಬೇಕಾದ ಸಂವಹನ

ಪ್ರಶ್ನೆ: ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ದರ್ಜೆ ವಿಂಗಡಿಸುವ) ಮತ್ತು ರಫ್ತು ಘಟಕದಲ್ಲಿ ಗುಣಮಟ್ಟದ ತಪಾಸಣೆ ಹಾಗೂ ರವಾನೆಯ ಕಾಗದಪತ್ರಗಳನ್ನು ನೋಡಿಕೊಳ್ಳುತ್ತೇನೆ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಅನಂತರ ಎಂಬಿಎ ಮಾಡಿದವಳು. ಜರ್ಮನಿ, ಇಟಲಿ, ಜಪಾನಿನ ಖರೀದಿದಾರರೊಂದಿಗೆ ವಿಡಿಯೊ ಕರೆಯಲ್ಲಿ ಮಾತನಾಡಬೇಕಾಗುತ್ತದೆ. ಕಳೆದ ಹಂಗಾಮಿನಲ್ಲಿ ಜರ್ಮನಿಯ ಖರೀದಿದಾರರೊಬ್ಬರು, ಹದಿನೈದನೇ ತಾರೀಕಿನೊಳಗೆ ಸರಕು ಹಡಗಿಗೆ ಏರುತ್ತದೆಯೇ ಎಂದು ಕೇಳಿದಾಗ, ಸಾಧ್ಯವಾಗಲಾರದೆಂದು ಗೊತ್ತಿದ್ದರೂ, "ಖಂಡಿತ ಪ್ರಯತ್ನ ಮಾಡುತ್ತೇವೆ" ಎಂದೆ. ಅವರು ಅದನ್ನು ಒಪ್ಪಿಗೆ ಎಂದುಕೊಂಡರು. ಸರಕು ತಡವಾದಾಗ ಅವರಿಂದ ಬಂದ ಇಮೇಲ್ ಓದಿ ಎರಡು ದಿನ ನಿದ್ದೆ ಬರಲಿಲ್ಲ. ಇನ್ನು ಗಾರ್ಬಲಿಂಗ್ ಮೇಜಿನಲ್ಲಿ, ಅಂದರೆ ಕೆಟ್ಟ ಕಾಳುಗಳನ್ನು ಆರಿಸಿ ತೆಗೆಯುವ ಕಡೆ, ಕೆಲಸ ಮಾಡುವ ಅಸ್ಸಾಮಿನವರು ಏನು ಹೇಳಿದರೂ "ಹಾಂ ಮೇಡಂ" ಎನ್ನುತ್ತಾರೆ, ಮಾಡುವುದು ಬೇರೆ. ಅಂತರ್‌ಸಾಂಸ್ಕೃತಿಕ ಸಂವಹನದ ಆನ್‌ಲೈನ್ ಕೋರ್ಸ್ ಸೇರಿಕೋ, ಶುಲ್ಕ ಕೊಡುತ್ತೇವೆ ಎಂದು ಮಾಲೀಕರು ಹೇಳಿದ್ದಾರೆ. ಎಂಥ ಕೋರ್ಸ್ ಆರಿಸಿಕೊಳ್ಳಬೇಕು? ಈ ಕೌಶಲವನ್ನು ಬೆಳೆಸಿಕೊಳ್ಳುವುದು ಹೇಗೆ? ಇಂಗ್ಲಿಷ್ ಉಚ್ಚಾರಣೆಯನ್ನೂ ತಿದ್ದಿಕೊಳ್ಳಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಜರ್ಮನಿಯ ಖರೀದಿದಾರರ ಪ್ರಸಂಗಕ್ಕೆ ಹೆಚ್ಚು ಜಾಗ ಸಿಕ್ಕಿದೆ, ಗಾರ್ಬಲಿಂಗ್ ಮೇಜಿನ ಪ್ರಸಂಗ ಒಂದೇ ವಾಕ್ಯದಲ್ಲಿ ಮುಗಿದಿದೆ. ನಾನು ಎರಡನ್ನೂ ಜೊತೆಯಲ್ಲಿಟ್ಟುಕೊಂಡೇ ಉತ್ತರಿಸುತ್ತೇನೆ, ಏಕೆಂದರೆ ಎರಡೂ ಕಡೆ ನಡೆದಿರುವುದು ಒಂದೇ. ನೀವು ಕುಳಿತಿದ್ದ ಜಾಗ ಮಾತ್ರ ಬೇರೆ. ವಿಡಿಯೊ ಕರೆಯಲ್ಲಿ ಹಣ ಕೊಡುವವರು ಅವರು, ಭಾಷೆಯ ಮೇಲೆ ಹಿಡಿತವಿದ್ದವರೂ ಅವರು; ಆದ್ದರಿಂದ "ಆಗುವುದಿಲ್ಲ" ಎನ್ನಲು ನಿಮಗೆ ಬಾಯಿ ಬರಲಿಲ್ಲ. ಗಾರ್ಬಲಿಂಗ್ ಮೇಜಿನ ಮುಂದೆ ಆ ಎರಡೂ ಅನುಕೂಲಗಳು ನಿಮ್ಮ ಕಡೆಗಿವೆ. ಆದ್ದರಿಂದ "ಅರ್ಥವಾಗಲಿಲ್ಲ" ಎನ್ನಲು ಅವರಿಗೆ ಬಾಯಿ ಬರುವುದಿಲ್ಲ. ನೀವು ಆಡಿದ "ಪ್ರಯತ್ನ ಮಾಡುತ್ತೇವೆ" ಎಂಬ ಮಾತೂ ಅವರು ಆಡುವ "ಹಾಂ ಮೇಡಂ" ಎಂಬ ಮಾತೂ ಒಂದೇ ಇಕ್ಕಟ್ಟಿನಲ್ಲಿ ಹುಟ್ಟಿದವು. ಒಂದೇ ದಿನದಲ್ಲಿ ಈ ಎರಡೂ ಜಾಗಗಳಲ್ಲಿ ಕುಳಿತೇಳುವವರಿಗೆ ಈ ವಿದ್ಯೆಯನ್ನು ಕಲಿಯಲು ಇರುವಷ್ಟು ಅನುಕೂಲ ದೊಡ್ಡ ಊರಿನ ಬಹುರಾಷ್ಟ್ರೀಯ ಕಂಪನಿಯ ನೌಕರರಿಗೂ ಇರುವುದಿಲ್ಲ.

ಮೊದಲು ನಿಮ್ಮ ಮಾತು ಅಲ್ಲಿ ಏಕೆ ಹಾಗೆ ಕೇಳಿಸಿತು ಎಂಬುದನ್ನು ನೋಡೋಣ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಟಿ. ಹಾಲ್ 1976ರಲ್ಲಿ ಒಂದು ವ್ಯತ್ಯಾಸವನ್ನು ವಿವರಿಸಿದರು: ಕೆಲವು ಸಮಾಜಗಳಲ್ಲಿ ಅರ್ಥದ ಹೆಚ್ಚಿನ ಭಾಗ ಆಡಿದ ಮಾತಿನಲ್ಲೇ ಇರುತ್ತದೆ, ಇನ್ನು ಕೆಲವು ಸಮಾಜಗಳಲ್ಲಿ ಅದು ಸಂದರ್ಭ, ಸಂಬಂಧ, ಧ್ವನಿ, ಮೌನಗಳಲ್ಲಿ ಹಂಚಿಹೋಗಿರುತ್ತದೆ. ಜರ್ಮನಿಯನ್ನು ಅವರು ಮೊದಲ ಗುಂಪಿಗೂ ಜಪಾನನ್ನು ಎರಡನೆಯದಕ್ಕೂ ಸೇರಿಸಿದರು. ನಮ್ಮ ಮಲೆನಾಡನ್ನು ಅವರು ನೋಡಿದ್ದರೆ ಎರಡನೆಯ ಗುಂಪಿಗೇ ಸೇರಿಸುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಮೂಡಿಗೆರೆಯ ಬೆಳೆಗಾರರೊಬ್ಬರು ನಾಳೆ ಬೆಳಗ್ಗೆ ಲಾರಿ ಬೇಕು ಎಂದು ಕೇಳಿದಾಗ ಲಾರಿಯವನು "ನೋಡೋಣ ಬಿಡಿ ಸಾರ್" ಎಂದರೆ, ಬೆಳೆಗಾರರು ಆ ಕ್ಷಣವೇ ಮತ್ತೊಬ್ಬನಿಗೆ ಫೋನ್ ಮಾಡುತ್ತಾರೆ. ಯಾರಿಗೂ ಮುಖಭಂಗವಾಗುವುದಿಲ್ಲ, ಕೆಲಸವೂ ನಿಲ್ಲುವುದಿಲ್ಲ. ನಿಮ್ಮ ಉತ್ತರವೂ ಈ ರೀತಿಯದೇ. ನಮ್ಮಲ್ಲಿ ಅದನ್ನು ಕೇಳಿದ ಯಾರೂ ಹದಿನೈದರ ಆಸೆ ಇಟ್ಟುಕೊಳ್ಳುತ್ತಿರಲಿಲ್ಲ. ಆದರೆ ಜರ್ಮನಿಯಲ್ಲಿ ಕುಳಿತವರಿಗೆ ನಿಮ್ಮ ಧ್ವನಿಯಲ್ಲಿದ್ದ ಹಿಂಜರಿಕೆ ತಲುಪಲಿಲ್ಲ, "ಖಂಡಿತ" ಎಂಬುದೊಂದು ತಲುಪಿತು. ಅವರ ರೀತಿಯಲ್ಲಿ, ಆಗದ ಕೆಲಸವನ್ನು ಆಗದು ಎಂದು ಮೊದಲೇ ಬಾಯಿಬಿಟ್ಟು ಹೇಳುವುದೇ ಸೌಜನ್ಯ, ಏಕೆಂದರೆ ಅದರಿಂದ ಬೇರೆ ವ್ಯವಸ್ಥೆ ಮಾಡಿಕೊಳ್ಳಲು ಎದುರಿನವರಿಗೆ ಸಮಯ ಸಿಗುತ್ತದೆ. ಅವರ ಇಮೇಲಿನಲ್ಲಿ ನಿಮಗೆ ಒರಟುತನವಾಗಿ ಕಂಡದ್ದರಲ್ಲಿ ಬಹುಪಾಲು, ನಡೆದದ್ದನ್ನು ಒಂದು ಎರಡು ಮೂರು ಎಂದು ಬರೆದಿಡುವ ಅಭ್ಯಾಸವೇ ಇದ್ದೀತು. ಆ ಇಮೇಲನ್ನು ಇನ್ನೊಮ್ಮೆ ತೆರೆದು, ನಿಮ್ಮನ್ನು ಕುರಿತ ಮಾತೆಷ್ಟು, ರವಾನೆಯನ್ನು ಕುರಿತ ಮಾತೆಷ್ಟು ಎಂದು ಬೇರೆ ಬೇರೆ ಬಣ್ಣದಲ್ಲಿ ಗೆರೆ ಎಳೆದು ನೋಡಿ.

ಇದೇ ದಾರಿಯಲ್ಲಿ ಮುಂದೆ ಹೋದರೆ ಗೀರ್ಟ್ ಹಾಫ್‌ಸ್ಟೆಡ್ ಅವರ ಹೆಸರು ಎದುರಾಗುತ್ತದೆ. ಈ ಡಚ್ ಸಂಶೋಧಕರು 1967ರಿಂದ 1973ರವರೆಗೆ ಐಬಿಎಂ ನೌಕರರಿಂದ ಹಲವು ದೇಶಗಳಲ್ಲಿ ಸಂಗ್ರಹಿಸಿದ ಉತ್ತರಗಳನ್ನು ಆಧರಿಸಿ, ಮೇಲಿನವರಿಗೂ ಕೆಳಗಿನವರಿಗೂ ಇರುವ ಅಂತರವನ್ನು ಯಾವ ಸಮಾಜ ಎಷ್ಟರಮಟ್ಟಿಗೆ ಸಹಜವೆಂದು ಒಪ್ಪಿಕೊಂಡಿದೆ ಎಂಬಂಥ ವಿಷಯಗಳಿಗೆ ಅಂಕ ಕೊಟ್ಟರು. ಭಾರತಕ್ಕೆ ಈ ಲೆಕ್ಕದಲ್ಲಿ 77, ಆಸ್ಟ್ರಿಯಕ್ಕೆ 11. ಕೋರ್ಸುಗಳಲ್ಲಿ ಇಂಥ ಅಂಕಪಟ್ಟಿಗಳು ಯಥೇಚ್ಛವಾಗಿ ಸಿಗುತ್ತವೆ. ಒಮ್ಮೆ ಓದಿ ಡ್ರಾಯರಿನಲ್ಲಿಡಿ ಎಂಬುದು ನನ್ನ ಸಲಹೆ. ಅವು ಒಂದು ದೇಶದ ಸರಾಸರಿಗಳು, ಅದೂ ಒಂದೇ ಕಂಪನಿಯ ನೌಕರರಿಂದ ತೆಗೆದವು. ಪರದೆಯ ಮೇಲೆ ನಿಮ್ಮೆದುರು ಕಾಣಿಸಿಕೊಳ್ಳುವವರು ಒಬ್ಬ ವ್ಯಕ್ತಿ. ಅವರು ಜರ್ಮನಿಯಲ್ಲಿ ಬೆಳೆದ ತುರ್ಕಿ ಮನೆತನದವರಾಗಿರಬಹುದು, ಬ್ರೆಜಿಲಿನಲ್ಲಿ ಇಪ್ಪತ್ತು ವರ್ಷ ಕಾಫಿ ಕೊಂಡವರಾಗಿರಬಹುದು. ಒಕ್ಕಲಿಗರು ಹೀಗೆ, ತುಳುವರು ಹಾಗೆ ಎಂದು ಯಾರಾದರೂ ಹೊರಗಿನವರು ಅಂಕ ಕೊಟ್ಟರೆ ನಮಗೆ ಎಷ್ಟು ಸಿಟ್ಟು ಬಂದೀತೋ, ಈ ಪಟ್ಟಿಗಳನ್ನು ಓದುವಾಗ ಅಷ್ಟೇ ಎಚ್ಚರವಿರಲಿ.

ಆದರೂ ಮೇಲು-ಕೆಳಗಿನ ಅಂತರದ ವಿಷಯವನ್ನು ಮಾತ್ರ ಹಗುರವಾಗಿ ಬಿಡುವಂತಿಲ್ಲ. 1990ರ ಜನವರಿ 25ರಂದು ಕೊಲಂಬಿಯದಿಂದ ನ್ಯೂಯಾರ್ಕಿಗೆ ಬರುತ್ತಿದ್ದ ಏವಿಯಾಂಕಾ 52 ವಿಮಾನ ಇಂಧನ ಮುಗಿದು ನೆಲಕ್ಕಪ್ಪಳಿಸಿತು; ಅದರಲ್ಲಿದ್ದ 158 ಜನರಲ್ಲಿ 73 ಮಂದಿ ಸತ್ತರು. ಇಂಧನ ಮುಗಿಯುತ್ತಿದೆ ಎಂದು ಸಹಪೈಲಟ್ ನೆಲದ ನಿಯಂತ್ರಕರಿಗೆ ಹೇಳಿಯೇ ಇದ್ದರು, ಆದರೆ ತುರ್ತು ಸ್ಥಿತಿ ಎಂಬ, ನಿಯಂತ್ರಕರು ಕೂಡಲೇ ದಾರಿ ಬಿಟ್ಟುಕೊಡಲೇಬೇಕಾದ ಆ ಒಂದು ಘೋಷಣೆಯನ್ನು ಮಾಡಲಿಲ್ಲ. ತನಿಖಾ ಮಂಡಳಿ ಗುರುತಿಸಿದ ಕಾರಣಗಳಲ್ಲಿ ಇದೂ ಒಂದು. ವಿದೇಶದ ನೆಲ, ಎರಡನೆಯ ಭಾಷೆ, ಎದುರಿಗೆ ಅವಸರದಲ್ಲಿರುವ ಅಧಿಕಾರಿ, ಇವೆಲ್ಲ ಸೇರಿದಾಗ ಮನುಷ್ಯ ತನ್ನ ಅತಿ ಮುಖ್ಯ ಮಾತನ್ನೇ ಮೆತ್ತಗೆ ಮಾಡಿ ಆಡುತ್ತಾನೆ ಎಂಬುದಕ್ಕೆ ಈ ಪ್ರಕರಣವನ್ನು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಉದಾಹರಿಸುತ್ತಾರೆ. ನಿಮ್ಮ ಘಟಕದಲ್ಲಿ ಸಿಪ್ಪೆ ತೆಗೆಯುವ ಹಲ್ಲರ್ ಯಂತ್ರದ ಬೆಲ್ಟಿನ ಸದ್ದು ಬದಲಾಗಿದೆ ಎಂದು ಹೊರರಾಜ್ಯದ ಹುಡುಗನೊಬ್ಬನಿಗೆ ಅನಿಸಿದರೆ ಅವನು ಯಾರಿಗೆ, ಯಾವ ಮಾತಿನಲ್ಲಿ, ಎಷ್ಟು ಗಟ್ಟಿಯಾಗಿ ಹೇಳುತ್ತಾನೆ ಎಂದು ಯೋಚಿಸಿ.

ಈಗ ಮಾಡಬೇಕಾದ್ದರ ಕಡೆಗೆ ಬರುತ್ತೇನೆ. ಖರೀದಿದಾರರು ದಿನಾಂಕ ಕೇಳಿದಾಗ ಉತ್ತರದಲ್ಲಿ ಮೂರು ಸಂಗತಿಗಳಿರಲಿ: ಈಗ ಖಚಿತವಾಗಿ ಹೇಳಬಹುದಾದ್ದು, ಹೇಳಲಾಗದ್ದು ಮತ್ತು ಅದರ ಕಾರಣ, ಖಚಿತ ಉತ್ತರ ಕೊಡುವ ದಿನ. "ಹದಿನೈದಕ್ಕೆ ಆಗುವುದಿಲ್ಲ. ಇಪ್ಪತ್ತೆರಡಕ್ಕೆ ಆಗುವ ಸಾಧ್ಯತೆ ಇದೆ, ಆದರೆ ಗ್ರೇಡಿಂಗ್ ಇನ್ನೂ ಮುಗಿದಿಲ್ಲ. ಬರುವ ಗುರುವಾರ ಸಂಜೆಯೊಳಗೆ ಇಪ್ಪತ್ತೆರಡು ಹೌದೋ ಅಲ್ಲವೋ ಎಂದು ಬರೆದು ತಿಳಿಸುತ್ತೇನೆ." ಇದನ್ನು ಇಂಗ್ಲಿಷಿನಲ್ಲಿ ಹೇಳಲು ಎಂಬಿಎ ಬೇಕಿಲ್ಲ, ಹೈಸ್ಕೂಲಿನ ವ್ಯಾಕರಣ ಸಾಕು. ಕಷ್ಟವಿರುವುದು ಮೊದಲ ವಾಕ್ಯವನ್ನು ಮೊದಲೇ ಇಡುವುದರಲ್ಲಿ. ನಾವು ಕಾರಣಗಳನ್ನೆಲ್ಲ ಹೇಳಿ, ಮಳೆ, ಶಿರಾಡಿ ಘಾಟಿಯ ರಸ್ತೆ, ಕಂಟೇನರ್ ಕೊರತೆ ಎಲ್ಲವನ್ನೂ ಹಾಯ್ದು, ಕೊನೆಗೆ ಇಲ್ಲ ಎಂಬಲ್ಲಿಗೆ ಬರುವವರು; ಅಷ್ಟರಲ್ಲಿ ಕೇಳುವವರ ಗಮನ ತಪ್ಪಿರುತ್ತದೆ, ಇಲ್ಲವೇ ಕಾರಣಗಳು ನೆಪಗಳಂತೆ ಕೇಳಿಸಿರುತ್ತವೆ. ಕರೆ ಮುಗಿದ ದಿನವೇ ಐದಾರು ಸಾಲಿನ ಇಮೇಲ್ ಕಳಿಸಿ: ನಾವು ಒಪ್ಪಿಕೊಂಡದ್ದು ಇಷ್ಟು, ನಮ್ಮ ಕಡೆಯಿಂದ ಬಾಕಿ ಇದು, ನಿಮ್ಮ ಕಡೆಯಿಂದ ಬಾಕಿ ಇದು, ತಪ್ಪಾಗಿ ಅರ್ಥಮಾಡಿಕೊಂಡಿದ್ದರೆ ದಯವಿಟ್ಟು ತಿದ್ದಿ. ಕರೆಯಲ್ಲಿ ಆದ ತಪ್ಪುಗ್ರಹಿಕೆ ಈ ಇಮೇಲಿನಲ್ಲಿ ಸಿಕ್ಕಿಬೀಳುತ್ತದೆ, ಅದೂ ದುಡ್ಡು ಹೋಗುವ ಮುಂಚೆ.

ಇಲ್ಲಿ ನಿಮ್ಮ ಮಾಲೀಕರಿಗೂ ಒಂದು ಮಾತು ಸಲ್ಲಬೇಕು. ಆಗುವುದಿಲ್ಲ ಎಂದು ಹೇಳಿದ ದಿನ ಆಫೀಸಿನಲ್ಲಿ ಬೈಗುಳ ತಿನ್ನುವ ನೌಕರರಿಗೆ ಯಾವ ಕೋರ್ಸೂ ನೇರ ಮಾತು ಕಲಿಸಲಾರದು. ಯಾವ ದಿನಾಂಕ, ಯಾವ ದರ್ಜೆ, ಯಾವ ತೇವಾಂಶದ ಬಗ್ಗೆ ನೀವೇ ನಿರ್ಧರಿಸಿ ಉತ್ತರ ಕೊಡಬಹುದು, ಯಾವುದಕ್ಕೆ ಅವರನ್ನು ಕೇಳಬೇಕು ಎಂಬುದನ್ನು ಮೊದಲೇ ಅವರ ಬಾಯಿಂದ ಹೇಳಿಸಿಕೊಳ್ಳಿ. ನಿಮ್ಮ "ಪ್ರಯತ್ನ ಮಾಡುತ್ತೇವೆ" ಎಂಬ ಮಾತಿಗೆ ಸಂಸ್ಕೃತಿ ಅರ್ಧ ಕಾರಣವಾದರೆ, ಅಧಿಕಾರ ನಿಮ್ಮ ಕೈಯಲ್ಲಿ ಇಲ್ಲದಿದ್ದುದು ಇನ್ನರ್ಧ ಕಾರಣವೆಂದು ನನಗೆ ತೋರುತ್ತದೆ.

ಅಂತರ್‌ಸಾಂಸ್ಕೃತಿಕ ಸಂವಹನ ಎಂದರೆ ನಮಸ್ಕಾರ, ಬಾಗುವಿಕೆ, ಉಡುಗೊರೆಗಳ ವಿಷಯವೆಂದು ಬಹಳ ಜನ ತಿಳಿದಿದ್ದಾರೆ. ನಿಮ್ಮ ವ್ಯಾಪಾರದಲ್ಲಿ ಅದಕ್ಕಿಂತ ಹೆಚ್ಚು ನಷ್ಟ ಮಾಡುವುದು ಅಂಕಿಗಳು. ಜರ್ಮನಿ, ಇಟಲಿಗಳಲ್ಲಿ ದಶಮಾಂಶಕ್ಕೆ ಅಲ್ಪವಿರಾಮವನ್ನೂ ಸಾವಿರದ ವಿಂಗಡಣೆಗೆ ಚುಕ್ಕೆಯನ್ನೂ ಬಳಸುತ್ತಾರೆ. ತೇವಾಂಶ 11,5 ಎಂದು ಅವರು ಬರೆದರೆ ಅದು ಹನ್ನೊಂದೂವರೆ. 19.200 ಎಂದು ಬರೆದರೆ ಅದು ಹತ್ತೊಂಬತ್ತು ಸಾವಿರದ ಇನ್ನೂರು ಕಿಲೋ, ಅಂದರೆ ಅರುವತ್ತು ಕಿಲೋದ 320 ಚೀಲ ತುಂಬಿದ ಒಂದು ಕಂಟೇನರ್. ಈ ಅರುವತ್ತು ಕಿಲೋ ಎಂಬಲ್ಲೂ ಒಂದು ತೊಡಕಿದೆ: ನಮ್ಮಲ್ಲಿ ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಕಾಫಿ) ಅಥವಾ ಚೆರ್ರಿಯ (ಇಡೀ ಹಣ್ಣನ್ನೇ ಒಣಗಿಸಿದ ಕಾಫಿ) ಬೆಲೆ ಹೇಳುವುದು ಐವತ್ತು ಕಿಲೋದ ಮೂಟೆಗೆ, ರಫ್ತಿನ ಚೀಲ ಅರುವತ್ತು ಕಿಲೋದ್ದು. ನ್ಯೂಯಾರ್ಕಿನಲ್ಲಿ ಅರೇಬಿಕಾದ ದರ ಪೌಂಡಿಗೆ ಇಷ್ಟು ಸೆಂಟ್ ಎಂದು, ಲಂಡನ್ನಿನಲ್ಲಿ ರೊಬಸ್ಟಾದ ದರ ಟನ್ನಿಗೆ ಇಷ್ಟು ಡಾಲರ್ ಎಂದು. ತೋಟದ ಲೆಕ್ಕವನ್ನು ಹೊರಗಿನವರಿಗೆ ಹೇಳುವಾಗ "ಸಾವಿರ ಚೀಲ" ಎನ್ನದೆ ಕಿಲೋದಲ್ಲಿ ಹೇಳಿ; ಲಕ್ಷ, ಕೋಟಿಗಳನ್ನು ಮಿಲಿಯನ್ನಿಗೆ ತಿರುಗಿಸಿ. 05/03 ಎಂಬುದು ನಮಗೆ ಮಾರ್ಚ್ ಐದು, ಅಮೆರಿಕದವರಿಗೆ ಮೇ ಮೂರು. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ. "ಈ ವರ್ಷ" ಎಂದು ಬರೆಯಬೇಡಿ: ನಮ್ಮ ಲೆಕ್ಕಪತ್ರದ ವರ್ಷ ಏಪ್ರಿಲಿಗೆ, ಕಾಫಿ ವರ್ಷ ಅಕ್ಟೋಬರಿಗೆ, ಅವರ ವರ್ಷ ಬಹುಶಃ ಜನವರಿಗೆ ಶುರುವಾಗುತ್ತದೆ. ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಮಾರ್ಚ್ ಮತ್ತು ಅಕ್ಟೋಬರ್ ತಿಂಗಳುಗಳ ಕೊನೆಯ ಭಾನುವಾರ ಅವರ ಗಡಿಯಾರ ಬದಲಾಗುತ್ತದೆ, ನಮ್ಮದು ಬದಲಾಗುವುದಿಲ್ಲ. ಆ ಸೋಮವಾರ ಕರೆಗೆ ತಡವಾಗಿ ಬಂದವರೆಂದು ಅನಿಸಿಕೊಳ್ಳುವುದು ಸಾಮಾನ್ಯವಾಗಿ ನಾವೇ.

ಪರದೆಯ ಮೇಲೆ ಕಾಣುವ ದೇಹಭಾಷೆಯಲ್ಲಿ ನಿಮಗೆ ಮುಖ್ಯವಾದದ್ದು ಒಂದೇ. ನಾವು ಒಪ್ಪಿಗೆಗೆ, ಕೇಳುತ್ತಿದ್ದೇನೆ ಎಂಬುದಕ್ಕೆ, ಕೆಲವೊಮ್ಮೆ ಬರೀ ಸೌಜನ್ಯಕ್ಕೆ ತಲೆಯನ್ನು ಪಕ್ಕಕ್ಕೆ ಓಲಾಡಿಸುತ್ತೇವೆ. ಯುರೋಪಿನವರಿಗೆ ಅದು ಬೇಡ ಎಂದಂತೆಯೋ ಅನುಮಾನವಿದ್ದಂತೆಯೋ ಕಾಣುತ್ತದೆ. ಅದನ್ನು ಬಿಡಬೇಕಾಗಿಲ್ಲ, ಜೊತೆಗೆ "ಯೆಸ್, ಅಗ್ರೀಡ್" ಎಂದು ಬಾಯಿಯಲ್ಲೂ ಹೇಳಿದರೆ ಆಯಿತು. ಜಪಾನಿನವರ "ಹಾಯ್" (ಹೌದು) ಎಂಬುದನ್ನು ಒಪ್ಪಂದವೆಂದು ಬರೆದುಕೊಳ್ಳಬೇಡಿ. ಬಹಳ ಸಲ ಅದು ನಮ್ಮ "ಹೂಂ" ಇದ್ದಂತೆ, ಕೇಳಿಸಿಕೊಳ್ಳುತ್ತಿದ್ದೇನೆ ಎಂಬಷ್ಟೇ ಅರ್ಥ. ಅವರು ಪರಿಶೀಲಿಸುತ್ತೇವೆ ಎಂದು ಹೇಳಿ ಸುಮ್ಮನಾದರೆ, ಆ ಮೌನವನ್ನು ಬೆಲೆ ಇಳಿಸಿ ತುಂಬಿಸುವ ಆತುರ ಬೇಡ. ಯಾವ ಅಂಶದ ಬಗ್ಗೆ ಇನ್ನಷ್ಟು ಮಾಹಿತಿ ಕಳಿಸಲಿ ಎಂದು ಕೇಳಿ. ಇಟಲಿಯವರ ಜೊತೆ ಮಾತು ಸಾಮಾನ್ಯವಾಗಿ ನಮಗೆ ಸಲೀಸು, ಮನೆಮಂದಿಯ ವಿಚಾರಣೆಗೂ ಜಾಗವಿರುತ್ತದೆ. ಆಗಸ್ಟ್ ಹದಿನೈದರ ಆಸುಪಾಸಿನಲ್ಲಿ ಮಾತ್ರ ಅಲ್ಲಿನ ಹಲವು ಕಚೇರಿಗಳು ವಾರಗಟ್ಟಲೆ ಬಾಗಿಲು ಹಾಕಿರುತ್ತವೆ ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತಿಟ್ಟುಕೊಳ್ಳಿ.

ಯುರೋಪಿನವರು ತೋಟದ ನಕ್ಷೆ, ಜಾಗದ ಅಕ್ಷಾಂಶ ರೇಖಾಂಶ ಎಲ್ಲವನ್ನೂ ಕೇಳುವಾಗ ನಮ್ಮ ಬೆಳೆಗಾರರಿಗೆ, ಇಷ್ಟು ವರ್ಷ ವ್ಯಾಪಾರ ಮಾಡಿದ ಮೇಲೂ ನಂಬಿಕೆ ಇಲ್ಲವೇ ಎಂದು ನೋವಾಗುವುದನ್ನು ನಾನು ಸಭೆಗಳಲ್ಲಿ ಕಂಡಿದ್ದೇನೆ. ಅರಣ್ಯನಾಶಕ್ಕೆ ಸಂಬಂಧಿಸಿ ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ನಿಯಮದಲ್ಲಿ ಕಾಫಿಯೂ ಸೇರಿದೆ. ಜಾರಿಯ ದಿನಾಂಕ ಮುಂದೆ ಹೋಗುತ್ತ ಬಂದಿದ್ದರೂ, 2020ರ ಡಿಸೆಂಬರ್ 31ರ ಬಳಿಕ ಕಾಡು ಕಡಿದು ಬೆಳೆದ ಕಾಫಿಯಲ್ಲ ಎಂದು ತೋರಿಸುವ ಹೊಣೆಯನ್ನು ಅದು ಖರೀದಿದಾರರ ಮೇಲೆಯೇ ಹೊರಿಸಿದೆ. ಈ ಹಿನ್ನೆಲೆಯನ್ನು ಬೆಳೆಗಾರರಿಗೆ ಕನ್ನಡದಲ್ಲಿ ಮೊದಲು ಹೇಳಿ, ಆಮೇಲೆ ಕಾಗದ ಕೇಳಿದರೆ ಕೆಲಸ ಹಗುರವಾಗುತ್ತದೆ. ಎರಡು ಕಡೆಯವರ ನಡುವೆ ಕುಳಿತವರು ಮಾಡಬೇಕಾದ ಅನುವಾದ ಹೆಚ್ಚಾಗಿ ಇಂಥದೇ.

ಹೊರದೇಶದವರೊಂದಿಗೆ ನೇರವಾಗಿ ಮಾತನಾಡುವ ಅಭ್ಯಾಸ ನಮ್ಮ ಜಿಲ್ಲೆಗಳಲ್ಲಿ ಹಳೆಯದೇನಲ್ಲ. 1990ರ ದಶಕದ ಮೊದಲ ವರ್ಷಗಳವರೆಗೆ ಬೆಳೆಗಾರರು ಕಾಫಿಯನ್ನು ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸುವ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು, ಮಾರುವವರು ಮಂಡಳಿಯವರು. ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಮುಕ್ತ ಮಾರಾಟ ಎಲ್ಲರಿಗೂ ದಕ್ಕಿತು. ಆದರೆ ಬೇರೆ ಭಾಷೆಯ ಕೆಲಸಗಾರರೊಂದಿಗೆ ಬದುಕುವುದು ಇಲ್ಲಿ ಹೊಸದಲ್ಲ. ಘಟ್ಟದ ಕೆಳಗಿನ ತುಳುವರು, ತಮಿಳರು, ಮಲಯಾಳಿಗಳು ತಲೆಮಾರುಗಳಿಂದ ಇಲ್ಲಿನ ಲೈನ್ ಮನೆಗಳಲ್ಲಿದ್ದಾರೆ. ಸಕಲೇಶಪುರ, ಬಾಳೆಹೊನ್ನೂರು ಕಡೆಯ ಹಳೆಯ ಮೇಸ್ತ್ರಿಗಳು ಕನ್ನಡ, ತುಳು, ತಮಿಳು, ಬ್ಯಾರಿ ಭಾಷೆಗಳ ನಡುವೆ ಒಂದೇ ಉಸಿರಿನಲ್ಲಿ ಓಡಾಡುತ್ತಾರೆ. ಯಾರ ಮನೆಯಲ್ಲಿ ಸೂತಕ, ಯಾರಿಗೆ ಎಲ್ಲರೆದುರು ಬೈದರೆ ಮರುದಿನ ಬರುವುದಿಲ್ಲ, ಯಾರಿಗೆ ಹೆಂಡತಿಯ ಮೂಲಕ ಹೇಳಿಸಬೇಕು, ಎಲ್ಲ ಅವರಿಗೆ ಗೊತ್ತು. ನಿಮ್ಮ ಘಟಕದಲ್ಲಿ ಅಂಥವರೊಬ್ಬರು ಇದ್ದರೆ ನಾಲ್ಕು ದಿನ ಅವರ ಹಿಂದೆ ನಡೆದು, ಅವರು ಹೇಗೆ ಕೇಳುತ್ತಾರೆ, ಎಲ್ಲಿ ನಿಲ್ಲಿಸುತ್ತಾರೆ ಎಂದು ಗಮನಿಸಿ. ಅವರಿಗೆ ಸರ್ಟಿಫಿಕೇಟ್ ಇಲ್ಲದಿರುವುದರಿಂದ ಮಾಲೀಕರು ಅವರನ್ನು ತಜ್ಞರೆಂದು ಕರೆಯುವುದಿಲ್ಲ, ಅಷ್ಟೆ.

ಈಗ ಗಾರ್ಬಲಿಂಗ್ ಮೇಜು. ನೀವು ಅವರೆಲ್ಲರನ್ನೂ ಅಸ್ಸಾಮಿನವರು ಎಂದು ಬರೆದಿದ್ದೀರಿ. ಅಸ್ಸಾಮಿನವರೇ ಆಗಿದ್ದರೂ ಅವರ ಮನೆಮಾತು ಅಸ್ಸಾಮಿ, ಬಂಗಾಳಿ, ಬೋಡೊ ಯಾವುದೂ ಆಗಿರಬಹುದು. ಚಹಾ ತೋಟಗಳ ಹಿನ್ನೆಲೆಯವರಾದರೆ ಸಾದ್ರಿ ಆಗಿರಬಹುದು. ಜಾರ್ಖಂಡಿನಿಂದ ಬಂದವರಾದರೆ ಸಂತಾಲಿ, ಮುಂಡಾರಿ, ಕುಡುಖ್ ಆಗಿರಬಹುದು. ಇವುಗಳಲ್ಲಿ ಕುಡುಖ್ ನಮ್ಮ ಕನ್ನಡದಂತೆಯೇ ದ್ರಾವಿಡ ಭಾಷೆ ಎಂದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ಹಿಂದಿ ಇವರಲ್ಲಿ ಅನೇಕರಿಗೆ ನಿಮಗಿರುವಂತೆಯೇ ಎರಡನೆಯ ಅಥವಾ ಮೂರನೆಯ ಭಾಷೆ. ನಿಮ್ಮ ಅರೆಬರೆ ಹಿಂದಿ ಅವರ ಅರೆಬರೆ ಹಿಂದಿಯನ್ನು ಸಂಧಿಸುವ ಜಾಗದಲ್ಲಿ, ಗದ್ದಲದ ನಡುವೆ, "ಸಮಝಾ?" ಎಂದು ಕೇಳಿದರೆ "ಹಾಂ ಮೇಡಂ" ಎಂಬುದನ್ನು ಬಿಟ್ಟು ಬೇರೆ ಯಾವ ಉತ್ತರ ಬಂದೀತು? ಆ ಪ್ರಶ್ನೆಯನ್ನೇ ಕೇಳುವುದನ್ನು ಬಿಡಿ. ಹೌದು ಎಂಬ ಒಂದೇ ಉತ್ತರವಿರುವ ಪ್ರಶ್ನೆಯಿಂದ ಯಾವ ಮಾಹಿತಿಯೂ ಸಿಗುವುದಿಲ್ಲ.

ಅದರ ಬದಲು ಮಾಡಿ ತೋರಿಸಲು ಹೇಳಿ. ಸಕಲೇಶಪುರದ ಸಮೀಪದ ಘಟಕವೊಂದರಲ್ಲಿ ಮೇಲ್ವಿಚಾರಕಿಯೊಬ್ಬರು ಅನುಸರಿಸುವ ಕ್ರಮವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬಿಳಿ ರಟ್ಟಿನ ಮೇಲೆ ಕಾಳುಗಳನ್ನೇ ಅಂಟಿಸಿ ಸಾಲು ಮಾಡಿಟ್ಟಿದ್ದಾರೆ: ಕಪ್ಪು ಕಾಳು, ಕೊರಕ ತಿಂದು ತೂತಾದದ್ದು, ಹಣ್ಣಿನ ತಿರುಳು ತೆಗೆಯುವ ಪಲ್ಪರಿನಲ್ಲಿ ಸಿಕ್ಕಿ ಗಾಯವಾದದ್ದು, ಒಡಕು, ಬಿಳಿಚಿಕೊಂಡದ್ದು. ಪ್ರತಿ ಸಾಲಿನ ಪಕ್ಕದಲ್ಲಿ ಅದು ಬೀಳಬೇಕಾದ ಡಬ್ಬಿಯ ಬಣ್ಣದ ಪಟ್ಟಿ. ಹೊಸಬರು ಬಂದ ದಿನ ಆಕೆ ಒಂದು ಮೊರದಷ್ಟು ಮಿಶ್ರ ಕಾಳನ್ನು ಅವರ ಮುಂದೆ ಸುರಿದು, ತಾನೇ ಒಮ್ಮೆ ಆರಿಸಿ ತೋರಿಸಿ, ಆಮೇಲೆ ಕೈಕಟ್ಟಿ ನಿಲ್ಲುತ್ತಾರೆ. ಅವರು ತಪ್ಪು ಡಬ್ಬಿಗೆ ಹಾಕಿದ ಕಾಳನ್ನು ಎತ್ತಿ ರಟ್ಟಿನ ಮೇಲಿನ ಕಾಳಿನ ಪಕ್ಕ ಹಿಡಿಯುತ್ತಾರೆಯೇ ಹೊರತು ಏನೂ ಮಾತಾಡುವುದಿಲ್ಲ. ನಾನು ನೋಡಿದ ದಿನ ಹುಡುಗಿಯೊಬ್ಬಳು ಅಂಚು ಮಾತ್ರ ಕಂದಾದ ಒಂದು ಕಾಳನ್ನು ಹಿಡಿದು ರಟ್ಟಿನ ಎರಡು ಸಾಲುಗಳ ನಡುವೆ ಬೆರಳಾಡಿಸುತ್ತ ನಿಂತಳು. ಅದು ಯಾವ ಸಾಲಿಗೂ ಸೇರದ ಕಾಳಾಗಿತ್ತು. ಮೇಲ್ವಿಚಾರಕಿ ಅದನ್ನು ಒಳಗೆ ತೆಗೆದುಕೊಂಡು ಹೋಗಿ ಕೇಳಿಬಂದು, ರಟ್ಟಿನ ಮೇಲೆ ಹೊಸದೊಂದು ಸಾಲು ಶುರುಮಾಡಿದರು. ಆ ಹುಡುಗಿ ಬಾಯಿಬಿಡದೆ ಪ್ರಶ್ನೆ ಕೇಳಿದ್ದಳು, ಅದಕ್ಕೆ ಉತ್ತರವೂ ಸಿಕ್ಕಿತ್ತು. ನಿಮ್ಮ ಘಟಕದಲ್ಲಿ ಲಾಟ್‌ಗಳು (ಬೇರೆ ಬೇರೆ ಕಂತಿನ ಸರಕು) ಬೆರೆಯುವ ತೊಂದರೆಯೂ ಇದ್ದರೆ, ಲಾಟ್ ಸಂಖ್ಯೆಯ ಜೊತೆಗೆ ಬಣ್ಣದ ದಾರವನ್ನೋ ಪಟ್ಟಿಯನ್ನೋ ಚೀಲಕ್ಕೆ ಕಟ್ಟಿಸಿ.

ಹೆಸರುಗಳನ್ನು ಕಲಿಯಿರಿ. "ಏ ಅಸ್ಸಾಂ, ಇಲ್ಲಿ ಬಾ" ಎಂದು ಕರೆಯುವುದನ್ನು ನಮ್ಮ ಊರುಗಳಲ್ಲಿ ದಿನಾ ಕೇಳುತ್ತೇವೆ. ಬೆಂಗಳೂರಿನಲ್ಲಿ ಯಾರಾದರೂ ನಮ್ಮನ್ನು "ಏ ಚಿಕ್ಕಮಗಳೂರು" ಎಂದರೆ ನಾವು ತಿರುಗಿ ನೋಡುತ್ತೇವೆಯೇ? ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ ನಾವು ನಮಗಿಂತ ಹಿರಿಯರನ್ನೂ ಏಕವಚನದಲ್ಲಿ ಮಾತನಾಡಿಸಿಬಿಡುತ್ತೇವೆ, ಉದ್ದೇಶವಿಲ್ಲದೆಯೇ. ಎಲ್ಲರಿಗೂ "ಆಪ್" ಬಳಸಿದರೆ ನಷ್ಟವೇನಿಲ್ಲ. ಅವರ ಮನೆಮಾತಿನ ಇಪ್ಪತ್ತು ಮೂವತ್ತು ಪದಗಳನ್ನು, ನಿಲ್ಲಿಸು, ಅಪಾಯ, ನೋವು, ನೀರು, ಸಾಕು, ಗೊತ್ತಿಲ್ಲ ಎಂಬಂಥವನ್ನು, ಅವರಿಂದಲೇ ಕೇಳಿ ಕಲಿತು ಗೋಡೆಗೆ ಕನ್ನಡ ಲಿಪಿಯಲ್ಲಿ ಬರೆದು ಅಂಟಿಸಿ. ಅವಕ್ಕೆ ಸಮನಾದ ಕನ್ನಡ ಪದಗಳನ್ನು ಅವರಿಗೆ ಕಲಿಸಿ. ಪದಕೋಶಗಳು ಬೇಕಾದರೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ಜಾಲತಾಣದಲ್ಲಿ ಹಲವು ಭಾಷೆಗಳವು ಸಿಗುತ್ತವೆ. ಮೇಡಂ ತಪ್ಪಾಗಿ ಉಚ್ಚರಿಸಿ ನಗೆಗೀಡಾದ ದಿನ, ತಮಗೆ ಅರ್ಥವಾಗಲಿಲ್ಲ ಎನ್ನಲು ಅವರಿಗೂ ಸ್ವಲ್ಪ ಧೈರ್ಯ ಬರುತ್ತದೆ.

ಇನ್ನೊಂದು ವಿಷಯವನ್ನು ಸ್ಪಷ್ಟವಾಗಿ ಹೇಳಲೇಬೇಕು. ಇಂಥ ಗುಂಪುಗಳಲ್ಲಿ ಕನ್ನಡವೋ ಒಳ್ಳೆಯ ಹಿಂದಿಯೋ ಬಲ್ಲ ಒಬ್ಬನಿರುತ್ತಾನೆ. ಬಹುಪಾಲು ಅವನೇ ಅವರನ್ನು ಕರೆತಂದ ಗುತ್ತಿಗೆದಾರ ಅಥವಾ ಅವನ ಕಡೆಯವನು. ಎಲ್ಲ ಮಾತೂ ಅವನ ಮೂಲಕ ಹೋಗುವುದು ಎಲ್ಲರಿಗೂ ಸುಲಭ. ಆದರೆ ಮುಂಗಡದ ಲೆಕ್ಕದಲ್ಲಿ, ಕೂಲಿಯ ಕಡಿತದಲ್ಲಿ, ಯಾರನ್ನು ಇಟ್ಟುಕೊಳ್ಳಬೇಕು ಎಂಬುದರಲ್ಲಿ ಅವನಿಗೆ ತನ್ನದೇ ಹಿತಾಸಕ್ತಿ ಇರುತ್ತದೆ. ಕಾಳು ಆರಿಸುವ ಸೂಚನೆಯನ್ನು ಅವನ ಮೂಲಕ ಹೇಳಿಸಿ, ತೊಂದರೆಯಿಲ್ಲ. ಕೂಲಿ, ಗಾಯ, ಕಾಯಿಲೆ, ಹೆಣ್ಣುಮಕ್ಕಳ ದೂರು, ಇವುಗಳನ್ನು ಅವನ ಬಾಯಿಂದ ಕೇಳಿ ಮುಗಿಸಬೇಡಿ. ಅವನ ಮೇಲೆ ಅವಲಂಬಿತರಲ್ಲದ ಬೇರೊಬ್ಬರನ್ನು, ಫೋನಿನಲ್ಲಾದರೂ ಸರಿ, ಹುಡುಕಿಕೊಳ್ಳಿ. ಹಾಸನದ ಉಡುಪು ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಹೊರರಾಜ್ಯದ ಹೆಣ್ಣುಮಕ್ಕಳ ವಿಷಯದಲ್ಲೂ ನಾನು ಮೇಲ್ವಿಚಾರಕರಿಗೆ ಇದನ್ನೇ ಹೇಳುತ್ತೇನೆ.

ಹಬ್ಬಗಳ ಪಟ್ಟಿಯನ್ನು ಹಂಗಾಮಿನ ಮೊದಲೇ ಮಾಡಿಕೊಳ್ಳಿ. ಮಾಘ ಬಿಹು ನಮ್ಮ ಸಂಕ್ರಾಂತಿಯ ಹೊತ್ತಿಗೇ ಬರುತ್ತದೆ, ಅಂದರೆ ತೋಟಗಳಿಂದ ಸರಕು ಬಂದು ರಾಶಿ ಬೀಳುವ ಸಮಯ. ಬೊಹಾಗ್ ಬಿಹು ಏಪ್ರಿಲ್ ಮಧ್ಯಕ್ಕೆ. ಹೇಳದೆ ಊರಿಗೆ ಹೋದರು ಎಂದು ಆಮೇಲೆ ಗೊಣಗುವುದಕ್ಕಿಂತ, ಯಾರು ಯಾವ ಹಬ್ಬಕ್ಕೆ ಹೋಗುತ್ತೀರಿ ಎಂದು ಡಿಸೆಂಬರಿನಲ್ಲೇ ಕೇಳುವುದು ಒಳ್ಳೆಯದು.

ಕೋರ್ಸಿನ ವಿಷಯ. ಸೇರುವ ಮುಂಚೆ ಪಠ್ಯಕ್ರಮ ತರಿಸಿ ನೋಡಿ. ದೇಶಕ್ಕೊಂದು ಪಾಠವಿದ್ದು, ಮಾಡಬೇಕಾದ್ದು ಮಾಡಬಾರದ್ದು ಎಂಬ ಪಟ್ಟಿಗಳೇ ತುಂಬಿದ್ದರೆ ಹಣ ಉಳಿಸಿ. ಅಭಿನಯಿಸಿ ಕಲಿಯುವ ಭಾಗವಿದೆಯೇ, ನೀವು ಬರೆದ ಇಮೇಲನ್ನು ಯಾರಾದರೂ ಓದಿ ತಿದ್ದುತ್ತಾರೆಯೇ, ಸಹಪಾಠಿಗಳಲ್ಲಿ ಬೇರೆ ದೇಶದವರಿದ್ದಾರೆಯೇ ಎಂದು ಕೇಳಿ. ಈ ಕ್ಷೇತ್ರದ ಸಂಶೋಧಕ ಮಿಲ್ಟನ್ ಬೆನೆಟ್ 1986ರಲ್ಲಿ ಈ ಕಲಿಕೆಯನ್ನು ಆರು ಹಂತಗಳಾಗಿ ವಿವರಿಸಿದರು. ವ್ಯತ್ಯಾಸವೇ ಇಲ್ಲ ಎನ್ನುವುದರಿಂದ ಆರಂಭವಾಗಿ, ನಮ್ಮದೇ ಸರಿ ಎಂಬುದನ್ನು ದಾಟಿ, ಮನುಷ್ಯರೆಲ್ಲ ಒಂದೇ ಎಂಬಲ್ಲಿ ಬಹಳ ಜನ ನಿಂತುಬಿಡುತ್ತಾರೆ. ಕೇಳಲು ಉದಾರವಾದ ಈ ಮೂರನೆಯ ಹಂತವನ್ನು ಅವರು ಇನ್ನೂ ಅರ್ಧದಾರಿ ಎಂದೇ ಎಣಿಸಿದ್ದು ನನಗೆ ಸರಿಯಾಗಿ ಕಾಣುತ್ತದೆ, ಏಕೆಂದರೆ ಎಲ್ಲರೂ ಒಂದೇ ಎನ್ನುವವರು ಸಾಮಾನ್ಯವಾಗಿ ಎಲ್ಲರೂ ತಮ್ಮಂತೆ ಎಂದು ತಿಳಿದಿರುತ್ತಾರೆ. ನಿಮ್ಮ ಕೋರ್ಸ್ ಅಲ್ಲಿಗೇ ಮುಗಿಯುತ್ತದೆಯೇ ಎಂದು ನೋಡಿಕೊಳ್ಳಿ.

ಇನ್ನು ಉಚ್ಚಾರಣೆ. ನಿಮ್ಮ ಖರೀದಿದಾರರಲ್ಲಿ ಯಾರಿಗೂ ಇಂಗ್ಲಿಷ್ ಮನೆಮಾತಲ್ಲ. ಅವರೂ ನಿಮ್ಮ ಹಾಗೆ ಶಾಲೆಯಲ್ಲಿ ಕಲಿತವರು. ಲಂಡನ್ನಿನವರ ಧಾಟಿ ಕಲಿತರೆ ಇಟಲಿಯವರಿಗೆ ಅರ್ಥವಾಗುವುದು ಹೆಚ್ಚುವುದಿಲ್ಲ, ಕಡಿಮೆಯಾದರೂ ಆಗಬಹುದು. ಧಾಟಿ ನಿಮ್ಮದೇ ಇರಲಿ, ವೇಗ ಇಳಿಯಲಿ, ವಾಕ್ಯಗಳು ಗಿಡ್ಡವಾಗಲಿ. "ಡೂ ದ ನೀಡ್‌ಫುಲ್", "ಕೈಂಡ್ಲಿ ರಿವರ್ಟ್", "ಔಟ್ ಆಫ್ ಸ್ಟೇಷನ್" ಮುಂತಾದ ನಮ್ಮ ಆಫೀಸಿನ ಇಂಗ್ಲಿಷನ್ನು ನಮ್ಮೊಳಗೇ ಇಟ್ಟುಕೊಳ್ಳೋಣ. ಏನು ಬೇಕೋ ಅದನ್ನೇ ಬರೆಯಿರಿ, ಯಾವ ದಿನದೊಳಗೆ ಎಂದು ಸೇರಿಸಿ. ತಿದ್ದಿಕೊಳ್ಳಬೇಕಾದ ಉಚ್ಚಾರಣೆ ಇರುವುದು ಎರಡೇ ಕಡೆ. ಥರ್ಟೀನ್ ಮತ್ತು ಥರ್ಟಿ, ಫಿಫ್ಟೀನ್ ಮತ್ತು ಫಿಫ್ಟಿ ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ, ಆದ್ದರಿಂದ ಸಂಖ್ಯೆ ಹೇಳಿದ ಮೇಲೆ ಅಂಕಿಗಳನ್ನು ಬಿಡಿಸಿ "ಒನ್ ತ್ರೀ", "ತ್ರೀ ಝೀರೋ" ಎನ್ನಿ. ಕಂಟೇನರಿಗೆ ನಾಲ್ಕು ಅಕ್ಷರ, ಏಳು ಅಂಕಿಗಳ ಸಂಖ್ಯೆ ಇರುತ್ತದೆ. "ಬಿ ಫಾರ್ ಬೆಳಗಾವಿ" ಎಂದರೆ ಇಟಲಿಯ ಟ್ರಿಯೆಸ್ಟ್ ಬಂದರಿನಲ್ಲಿರುವವರಿಗೆ ತಿಳಿಯುವುದಿಲ್ಲ, ವಿಮಾನ ಮತ್ತು ಹಡಗಿನವರು ಬಳಸುವ ಆಲ್ಫಾ, ಬ್ರಾವೊ, ಚಾರ್ಲಿ ಎಂಬ ವರ್ಣಮಾಲೆಯನ್ನು ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರಿನ ಪಕ್ಕ ಅಂಟಿಸಿಕೊಳ್ಳಿ. ಅದೂ ತೊಡಕೆನಿಸಿದರೆ, ಸಂಖ್ಯೆಯನ್ನು ಬಾಯಲ್ಲಿ ಹೇಳುತ್ತಿರುವಾಗಲೇ ಚಾಟ್ ಪೆಟ್ಟಿಗೆಯಲ್ಲಿ ಟೈಪ್ ಮಾಡಿ ಕಳಿಸಿ, ಅವರು ತಿರುಗಿ ಓದಿ ಹೇಳುವವರೆಗೆ ಕರೆ ಇಡಬೇಡಿ.